ಎಂಬತ್ತಕ್ಕೆ ಏರದ ಹುಳದ ಮನೆ

ಹನೂರಿನ ಬಾಡಿಗೆ ಮನೆಗೆ ಕಾಲಿಟ್ಟ ದಿನ ನಾನು ಕಂಡದ್ದು ಇದು. ಮನೆಯೊಡತಿ ದೇವೀರಮ್ಮ ಚಳಿಗೆ ಕಂಬಳಿ ಹೊದ್ದು ಪಡಸಾಲೆಯಲ್ಲಿ ಕೂತಿದ್ದಾರೆ. ಒಳಗಿನ ಕೋಣೆಯಲ್ಲಿ ಇದ್ದಿಲ ಒಲೆ ನಿಗಿನಿಗಿ ಉರಿಯುತ್ತಿದೆ, ಅಲ್ಲಿ ಮನುಷ್ಯರೇ ಇಲ್ಲ. ಬಿದಿರಿನ ತಟ್ಟೆಗಳ ತುಂಬ ಹುಳ, ರೇಷ್ಮೆ ಹುಳ. ನನಗೆ ನಗುವೂ ಬಂತು, ಮೈ ಜುಮ್ಮೂ ಅಂದಿತು.

ಬಳ್ಳಾರಿಯ ತವರಿನ ನಿಮಗೆ ಇದನ್ನು ಹೇಗೆ ಹೇಳಲಿ? ನಾವೆಲ್ಲ ಹುಟ್ಟಿದಾಗಿನಿಂದ ಸೆಕೆಯನ್ನು ಹೊರಗೆ ತಳ್ಳುತ್ತ ಬೆಳೆದವರು. ಇಲ್ಲಿಯವರು ಶಾಖವನ್ನು ಒಳಗೆ ಕೂಡಿಹಾಕುತ್ತಾರೆ. ಅಲ್ಲಿ ಜೋಳದ ರೊಟ್ಟಿ, ಇಲ್ಲಿ ರಾಗಿ ಮುದ್ದೆ. ಅದನ್ನು ಅಗಿಯಬಾರದಂತೆ, ನುಂಗಬೇಕಂತೆ. ನನಗೆ ಇನ್ನೂ ಗಂಟಲಲ್ಲೇ ನಿಲ್ಲುತ್ತದೆ. ಅಲ್ಲಿ ಸಂತೆಯಲ್ಲಿ ತೆಲುಗು ಕೇಳುತ್ತಿತ್ತು, ಇಲ್ಲಿ ತಮಿಳು. ಎರಡೂ ಕಡೆ ಮದ್ರಾಸ್ ಸರ್ಕಾರವೇ ಆದ್ದರಿಂದ ನಮ್ಮ ಮನೆಯವರನ್ನು ಇಷ್ಟು ದೂರ ವರ್ಗ ಮಾಡಿ ಕೂರಿಸಿದರು. ಅವರಿಗೆ ವಾರವೆಲ್ಲ ಹಳ್ಳಿಗಳ ಮೇಲೆ ಸರ್ಕೀಟು. ನನಗೆ ಮಾತಿಗೆ ದೇವೀರಮ್ಮ ಒಬ್ಬರೇ.

ಪುಷ್ಯ ಮಾಸದಲ್ಲಿ ಒಂದು ಬೆಳಗ್ಗೆ ಎಳಂದೂರಿನಿಂದ ಸುದ್ದಿ ಬಂತು. ಚೊಚ್ಚಲ ಹೆರಿಗೆಗೆ ಕರೆತರುವ ಮೊದಲೇ ಅವರ ಮಗಳಿಗೆ ನೋವು ಕಾಣಿಸಿಕೊಂಡಿತ್ತು. ದೇವೀರಮ್ಮ ಗಂಡನಿಲ್ಲದವರು, ಹುಳ ಸಾಕಿಯೇ ಬದುಕಿದವರು. ಈ ಹುಳದ ಬೆಳೆ ಕೈಗೆ ಬಂದರೆ ತಾನೆ ಬಾಣಂತನದ ಖರ್ಚು. ಗೋಡೆಯಲ್ಲಿ ಶಾಖ ಅಳೆಯುವ ಫ್ಯಾರನ್‌ಹೀಟ್ ಗಾಜಿನ ಕಡ್ಡಿ ತೂಗುತ್ತಿತ್ತು, ಅದರ ಎಂಬತ್ತರ ಗೆರೆಗೆ ಕೆಂಪು ದಾರ ಸುತ್ತಿತ್ತು. ಅದನ್ನು ತೋರಿಸಿ ಹೇಳಿದರು:

"ಐದ್ ದಿನ ನೋಡ್ಕೊ ಕಣವ್ವ. ಶಾಖ ಈ ದಾರದ್ಗಂಟ ಇರ್ಬೇಕು. ಬ್ಯಾರೆಯೋರ ಕಾಲು ಒಳಕ್ಕೆ ಬೀಳ್ಬಾರ್ದು. ಅಷ್ಟೇಯ."

ಊರಿನವರನ್ನೆಲ್ಲ ಬಿಟ್ಟು ನನ್ನ ಕೈಗೆ ಕೊಟ್ಟರಲ್ಲ ಎಂದು ನಾನು ಹಿಗ್ಗಿ ಹೀರೇಕಾಯಿಯಾದೆ. ಬೇಗ ಎದ್ದು, ಮಿಂದು, ಹುಳದ ಮನೆಯ ನೆಲ ಸಾರಿಸಿ, ಸೊಪ್ಪು ಹೆಚ್ಚಿ ಹಾಕಿದೆ. ಸಂಜೆ ಮತ್ತೆ ಸಾರಿಸಿದೆ. ಕಡ್ಡಿ ನೋಡಿದರೆ ಎಪ್ಪತ್ತಮೂರು.

ಹಿಪ್ಪುನೇರಳೆ ಸೊಪ್ಪು ತರುವ ಸಿದ್ದಯ್ಯ ಹೊಸ್ತಿಲಾಚೆ ನಿಂತೇ ಉಪಾಯ ಹೇಳಿದ. "ಇದ್ಲು ತ್ಯಾವ ಆಗೈತೇನೋ ನೋಡ್ರವ್ವ." ಇದ್ದಿಲನ್ನು ಬಿಸಿಲಿಗೆ ಹರವಿದೆ. ಎಪ್ಪತ್ತನಾಲ್ಕು. "ಕಿಟ್ಕೀಲಿ ಗಾಳಿ ಬತ್ತಾ ಇರ್ಬೇಕು." ಗೋಣಿ ತುರುಕಿದೆ, ಸಂದಿಗೆಲ್ಲ ಕಾಗದ ಅಂಟಿಸಿದೆ. ಅದೇ ಎಪ್ಪತ್ತನಾಲ್ಕು. "ಕಡ್ಡೀನೇ ಕೆಟ್ಟೋಗಿದ್ದಾತು ಬುಡಿ." ಕಂಕುಳಲ್ಲಿಟ್ಟು ನೋಡಿದರೆ ಸರಸರನೆ ತೊಂಬತ್ತು ದಾಟಿತು. ಕಡ್ಡಿ ನೆಟ್ಟಗೇ ಇತ್ತು. ನಮ್ಮ ಅಡುಗೆಮನೆಯ ಇದ್ದಿಲ ಒಲೆಯನ್ನೂ ಹೊತ್ತು ತಂದಿಟ್ಟೆ. ಎಪ್ಪತ್ತೈದು. ಕೆಂಪು ದಾರ ಮೇಲೆ, ಪಾದರಸ ಕೆಳಗೆ, ನಡುವೆ ನಾನು ಬೀಸಣಿಗೆ ಹಿಡಿದು ಕೂತಿದ್ದೆ. ಬಳ್ಳಾರಿಯಲ್ಲಿ ಕೇಳದೆ ಸುರಿಯುವ ಶಾಖ ಇಲ್ಲಿ ದಮ್ಮಯ್ಯ ಅಂದರೂ ಬರಲೊಲ್ಲದು.

ಮೂರನೆಯ ದಿನ ಹುಳ ಸೊಪ್ಪು ತಿನ್ನುವುದನ್ನು ಬಿಟ್ಟವು. ಐದನೆಯ ದಿನ ಬೆಳಗ್ಗೆ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಬೆಳ್ಳಗೆ ಸೆಟೆದು ಬಿದ್ದಿದ್ದವು, ಸುಣ್ಣದ ಕಡ್ಡಿಯ ಹಾಗೆ. ಮಧ್ಯಾಹ್ನದ ಹೊತ್ತಿಗೆ ಎಣಿಸುವ ಧೈರ್ಯ ಉಳಿಯಲಿಲ್ಲ. ಯಾರನ್ನು ಕೂಗಲಿ? ಯಾರೂ ಒಳಗೆ ಬರಬಾರದೆಂದು ಅಪ್ಪಣೆ. ಸತ್ತವನ್ನು ಆರಿಸುತ್ತ ಒಬ್ಬಳೇ ಅತ್ತೆ.

ಮಾರನೆಯ ದಿನ ದೇವೀರಮ್ಮ ಬಂದರು. ಮಗಳು ಹೆತ್ತಿದ್ದಳು, ಗಂಡು ಮಗು. ಆ ಖುಷಿ ಮುಖದ ಮೇಲೆ ಇರುವಾಗಲೇ ಹುಳದ ಮನೆಗೆ ಕಾಲಿಟ್ಟವರು ಅಲ್ಲೇ ನಿಂತರು. ತಟ್ಟೆ ನೋಡಲಿಲ್ಲ, ಕಡ್ಡಿ ನೋಡಲಿಲ್ಲ. ಬಗ್ಗಿ ನೆಲಕ್ಕೆ ಅಂಗೈ ಒತ್ತಿದರು.

"ನೆಲ ಸಾರ್ಸಿದ್ದಾ?"

"ದಿನಾ ಎರಡು ಹೊತ್ತು, ಅಮ್ಮಾ. ಮೈಲಿಗೆ ಆಗಬಾರದು ಅಂತ."

"ಒದ್ದೆ ನೆಲದಲ್ಲಿ ಶಾಖ ಎಲ್ಲಿ ಏರಾದು ಕಣವ್ವ," ಎಂದರು, ಅಷ್ಟೆ. ಬೇಸಿಗೆಯಲ್ಲಿ ನೆಲಕ್ಕೆ ನೀರು ಚಿಮುಕಿಸಿ ಮನೆ ತಂಪು ಮಾಡಿಕೊಂಡು ಬೆಳೆದವಳು ನಾನು. ಎರಡು ಒಲೆ ಹೊತ್ತಿಸಿ, ಎರಡು ಹೊತ್ತೂ ಕೈಯಾರೆ ಕೋಣೆ ತಣ್ಣಗೆ ಮಾಡಿದ್ದೆ. ನಾಚಿಕೆಯಿಂದ ಭೂಮಿಗಿಳಿದು ಹೋದೆ.

ಹಿತ್ತಿಲಲ್ಲಿ ಗುಂಡಿ ತೋಡಿ, ತಟ್ಟೆ ತಟ್ಟೆಯನ್ನೇ ಸುರಿದು ಮಣ್ಣು ಮುಚ್ಚಿದೆವು. ಅಷ್ಟರಲ್ಲಿ ಸಿದ್ದಯ್ಯ ಎಂದಿನಂತೆ ಬಂದು ಸೊಪ್ಪಿನ ಹೊರೆಯನ್ನು ಬಿಸಿಲಿಗೆ ಇಳಿಸಿದ. ದೇವೀರಮ್ಮ ಅವನ ಮೇಲೆ ಹಾರಿಬಿದ್ದರು. "ಲೇ ಸಿದ್ದ, ಕಣ್ಣು ಕಾಣಾಕಿಲ್ವಾ ನಿಂಗೆ? ಸೊಪ್ಪು ಬಾಡೋಯ್ತದೆ, ನೆಳ್ಳಿಗೆ ಎತ್ತಾಕ್ಲಾ." ತಿನ್ನಲು ಒಂದು ಹುಳವೂ ಉಳಿದಿರಲಿಲ್ಲ. ಅವನು ತಲೆ ಬಗ್ಗಿಸಿ ಬೈಸಿಕೊಂಡ. ಆಮೇಲೆ ದೇವೀರಮ್ಮ ನನ್ನ ಕಡೆ ತಿರುಗಿ, ಸೆರಗಿನಿಂದ ನನ್ನ ಕಣ್ಣೊರೆಸಿದರು. "ನೀ ಅಳ್ಬ್ಯಾಡ ತಾಯಿ. ಹೊರ್ಗಿನೋರ್ಗೆ ಏನ್ ಗೊತ್ತಾದದು."

ಈಗ ಬಳ್ಳಾರಿಗೆ ಬಂದರೆ ನನ್ನ ಮಾತಿನ ಧಾಟಿ ಕೇಳಿ ನೀವು ನಗುತ್ತೀರಿ, ಆ ಕಡೆಯವಳೇ ಆದೆಯಲ್ಲ ಎನ್ನುತ್ತೀರಿ. ಇಲ್ಲಿ ಹಬ್ಬಕ್ಕೆ, ನೆಂಟರಿಗೆಂಬಂತೆ, ಮೊದಲ ಹೋಳಿಗೆ ನನಗೇ ಬರುತ್ತದೆ. ಹೊಸ ಹುಳ ಬಂದಿವೆ, ಹೊಸ್ತಿಲಾಚೆ ನಿಂತು ನಾನೂ ಸೊಪ್ಪು ಹೆಚ್ಚಿಕೊಡುತ್ತೇನೆ. ಸಿದ್ದಯ್ಯನ ಹಾಗೆ ನಾನೂ ಬೈಸಿಕೊಳ್ಳಬೇಕೆಂದೇ ಒಂದು ದಿನ ಒರಟಾಗಿ ಹೆಚ್ಚಿಟ್ಟೆ. ದೇವೀರಮ್ಮ ನೋಡಿದರು, ನಕ್ಕರು, ಬೈಯದೆ ತಾವೇ ಕೂತು ಮತ್ತೆ ಸಣ್ಣಗೆ ಹೆಚ್ಚಿಕೊಂಡರು.