ಎಳೆ ಬುರುಡೆಯ ಅಚ್ಚು

ನಮ್ಮೂರು ನ್ಟೊನ್ಸೊದಲ್ಲಿ ಬಟ್ಟೆಯ ಅಚ್ಚು ಕೊರೆಯುವವರು ಇನ್ನೂ ಏಳೆಂಟು ಮಂದಿ ಇದ್ದಾರೆ. ಅವರಲ್ಲಿ ಕೈ ಅಂದರೆ ಅಂಪಾದುವಿನ ಕೈ. ಹೊಟ್ಟೆಕಿಚ್ಚು ಅಂದರೂ ಅಂಪಾದುವಿನದೇ. ಎರಡೂ ಅವನಿಗೆ ಒಂದೇ ದಿನ ಅಂಟಿಕೊಂಡವು. ಒಂಬತ್ತನೇ ವಯಸ್ಸಿನಲ್ಲಿ ಸೋದರಮಾವ ಅವನ ಕೈಗೆ ಒಣಗಿದ ಸೋರೆಬುರುಡೆಯ ಚೂರು, ಒಂದು ಮೊಂಡು ಚಾಕು ಕೊಟ್ಟು ಹಿತ್ತಲಲ್ಲಿ ಕೂರಿಸಿದ. ಅದೇ ಬೆಳಿಗ್ಗೆ ದೊಡ್ಡಮ್ಮನ ಮಗ ನ್ಸಿಯಾನನ್ನು ರಸ್ತೆ ಬದಿಯ ಚಪ್ಪರಕ್ಕೆ ಕರೆದುಕೊಂಡು ಹೋಗಿ, "ನೀನು ಬಟ್ಟೆ ಮೇಲೆ ಒತ್ತೋದು ಕಲಿ" ಅಂದ. ಆವತ್ತಿನಿಂದ ಒಬ್ಬ ಕೊರೆಯುವವ, ಒಬ್ಬ ಒತ್ತುವವ. ನಲವತ್ತೆರಡು ವರ್ಷವಾಯಿತು, ಈ ಏರ್ಪಾಟು ಬದಲಾಗಿಲ್ಲ.

ಅನ್ಯಾಯ ಎಲ್ಲಿದೆ ನೋಡಿ. ಕೊರೆಯುವವನ ಕೆಲಸ ಹಿತ್ತಲಿನದು. ಬುರುಡೆಯ ಧೂಳು ಮೂಗಿಗೆ, ಚಾಕು ಬೆರಳಿಗೆ. ಒತ್ತುವವನೋ, ಚಪ್ಪರದ ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡು, ತೊಗಟೆ ಕುದಿಸಿದ ಕಪ್ಪು ಬಣ್ಣದಲ್ಲಿ ಅಚ್ಚು ಅದ್ದಿ ಅದ್ದಿ ಸಾಲಾಗಿ ಒತ್ತುತ್ತಾನೆ. ಕುಮಾಸಿ ಪಟ್ಟಣದಿಂದ ಬಂದವರು ನಿಂತು ನೋಡುವುದು ಅವನನ್ನೇ, ಫೋಟೋ ಹೊಡೆಯುವುದು ಅವನನ್ನೇ. ಯಾರ ಮನೆಯಲ್ಲಿ ಸಾವಾದರೂ, ಯಾರಿಗೆ ಪಟ್ಟವಾದರೂ ಜನ ಉಡುವುದು "ನ್ಸಿಯಾನ ಬಟ್ಟೆ". ಹಿಂದೆ ತಿರುಗಿ ನೋಡುವ ಹಕ್ಕಿ, ಟಗರಿನ ಕೊಂಬು, ಏಣಿ, ಎಲ್ಲವನ್ನೂ ಉಗುರಿನಷ್ಟು ಜಾಗದಲ್ಲಿ ಕೂದಲೆಳೆ ತಪ್ಪದಂತೆ ಕೊರೆದವನ ಹೆಸರು ಒಬ್ಬರ ಬಾಯಲ್ಲೂ ಬರುವುದಿಲ್ಲ.

ಅದರ ಮೇಲೆ ನ್ಸಿಯಾ ಒಳ್ಳೆಯವನು ಬೇರೆ! ಇದಕ್ಕಿಂತ ದೊಡ್ಡ ಕಾಟ ಇನ್ನೊಂದಿದೆಯೇ? ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಇವನು ಹಬ್ಬಕ್ಕೆ ಮೊದಲ ತುಂಡು ಮಾಂಸ ಅಂಪಾದುವಿನ ಮನೆಗೇ ಕಳಿಸುತ್ತಾನೆ. ಊರವರೆಲ್ಲ "ಎಂಥಾ ಮನುಷ್ಯ ಅಲ್ವಾ" ಅಂದಾಗ ಅಂಪಾದು ಆ ಮಾಂಸ ತಿಂದು, ಮೂಳೆ ಚೀಪಿ, ಮೈ ಪರಚಿಕೊಳ್ಳುತ್ತಾನೆ.

"ಇದ್ದಿಲು ಮುಗಿದಿದೆ, ತರೋದು ಬೇಡ ಬಿಡಿ" ಎನ್ನುತ್ತಾಳೆ ಹೆಂಡತಿ ಪೊಕುವಾ. "ನಿಮ್ಮ ಹೊಟ್ಟೆ ಉರಿಯಲ್ಲೇ ಈ ವಾರದ ಬಾಳೆಕಾಯಿ ಎಲ್ಲಾ ಸುಟ್ಕೋಬಹುದು."

"ನಿಂಗೇನೇ ಗೊತ್ತು, ಸುಮ್ನಿರು."

"ನಂಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತು? ನಿದ್ದೇಲೂ ಅವನ ಹೆಸರೇ ಹೇಳ್ತೀರಿ. ನನ್ನ ಹೆಸರು ಒಂದಿನ ಹೇಳಿದ್ದುಂಟಾ?"

ಹೀಗಿರುವಾಗ ಒಂದು ಮಂಗಳವಾರ ರಾಜಧಾನಿ ಅಕ್ರಾದಿಂದ ನಾ ಡೆಡೆ ಅನ್ನುವ ಹೆಂಗಸು ಬಂದಳು. ಅಂಗಡಿ ಬೋರ್ಡು, ಪುಸ್ತಕದ ಮುಖಪುಟ, ಸೋಪಿನ ಡಬ್ಬಿ, ಇಂಥವಕ್ಕೆ ಚಿತ್ರ ಬರೆಯುವ ಡಿಸೈನರ್ ಆಕೆ. ಊರೂರು ಸುತ್ತಿ ಅಚ್ಚಿನ ಚಿತ್ರಗಳನ್ನೆಲ್ಲ ಒಂದೆಡೆ ಸೇರಿಸುತ್ತಿದ್ದಳು. ತನ್ನಂಥವರು ಏನೂ ಹೊಳೆಯದೆ ತಲೆ ಕೆರೆದುಕೊಂಡು ಕೂತಾಗ ಕಂಪ್ಯೂಟರಿನಲ್ಲಿ ತೆರೆದು ನೋಡಲಿ, ಬೇಕಾದ್ದನ್ನು ಬಿಟ್ಟಿಯಾಗಿ ಬಳಸಲಿ ಎಂದು. ಒಂದೇ ಷರತ್ತು, ಪ್ರತಿ ಚಿತ್ರದ ಕೆಳಗೆ ಅದನ್ನು ಹುಟ್ಟಿಸಿದವನ ಹೆಸರು, ಊರು ಇರಬೇಕು. ಹಳೆಯ ಚಿತ್ರಗಳು ಅಜ್ಜಂದಿರವು, ಅವಕ್ಕೆ ಯಾರ ಹೆಸರೂ ಇಲ್ಲ. ಆಕೆಗೆ ಬೇಕಾದದ್ದು ಈಗಿನವರ ತಲೆಯಿಂದ ಬಂದದ್ದು.

ಅಂಥದ್ದು ಅಂಪಾದುವಿನ ಹತ್ತಿರ ಒಂದಿತ್ತು. ತಾಯಿ ತೀರಿಕೊಂಡ ವರ್ಷ ಅವಳ ಒಲೆಯ ಮೂರು ಕಲ್ಲುಗಳನ್ನು ನೋಡುತ್ತ ಕೂತು ಕೊರೆದದ್ದು, ಮೂರು ಕಲ್ಲು, ನಡುವೆ ಗಡಿಗೆಯ ಬಾಯಿ. ಅವನ ಇಡೀ ಬದುಕಿನಲ್ಲಿ ಇದು ನನ್ನದು ಅನ್ನಬಹುದಾದದ್ದು ಅದೊಂದೇ.

ಹಿತ್ತಲ ಗೋಡೆಯ ಮೇಲಿಂದ ಅವನು ಇಣುಕಿ ನೋಡಿದ. ಚಪ್ಪರದಲ್ಲಿ ನ್ಸಿಯಾ ಆ ಒಲೆಕಲ್ಲಿನ ಬಟ್ಟೆ ಹರವಿ, ಎದೆ ಮೇಲೆ ಕೈಯಿಟ್ಟು ಏನೋ ಹೇಳುತ್ತಿದ್ದ. ಆಕೆ ತಲೆಯಾಡಿಸುತ್ತ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಮಾತು ಕೇಳಿಸಲಿಲ್ಲ. ಕೇಳಿಸುವ ಅಗತ್ಯವೂ ಅಂಪಾದುವಿಗೆ ಕಾಣಲಿಲ್ಲ.

ಸಂಜೆ ನ್ಸಿಯಾ ಹಿತ್ತಲಿಗೆ ಬಂದ. "ಅಂಪಾದು, ಶುಕ್ರವಾರ ಆಯಮ್ಮ ಕ್ಯಾಮೆರಾ ತಗೊಂಡು ಬರ್ತಾಳೆ. ಒಲೆಕಲ್ಲಿನ ಅಚ್ಚು ಅಂಚೆಲ್ಲ ಸವೆದು ಹೋಗಿದೆ. ಹೊಸದೊಂದು ಕೊರ್ಕೊಡೋ."

"ನಿಂಗೇ ಬೇಕಾ?"

"ಇನ್ಯಾರಿಗೆ? ಚೆನ್ನಾಗಿ ಕೊರಿ. ಊರಿಗೇ ಹೆಸರು ಬರ್ತದೆ."

ಊರಿಗಂತೆ! ನನ್ನ ತಾಯಿಯ ಒಲೆಕಲ್ಲಿನ ಕೆಳಗೆ ಇವನ ಹೆಸರೇ? ಜಗತ್ತಿನವರೆಲ್ಲ ನೋಡುವ ಜಾಗದಲ್ಲಿ?

ಬುರುಡೆಯ ರಾಶಿಯಲ್ಲಿ ಚೆನ್ನಾಗಿ ಬಲಿತು ಕಲ್ಲಾದವು ಇಪ್ಪತ್ತಿದ್ದವು. ಬಳ್ಳಿಯಿಂದ ಬೇಗ ಕಿತ್ತ ಎಳೆಯದೊಂದು ಮೂಲೆಯಲ್ಲಿ ಬಿದ್ದಿತ್ತು. ಎಳೆ ಬುರುಡೆಯ ವಿಷಯ ನಮ್ಮೂರಿನ ಅಚ್ಚಿನ ಕೆಲಸದವರಿಗೆಲ್ಲ ಗೊತ್ತು. ಚಾಕುವಿಗೆ ಬೆಣ್ಣೆ, ನೋಡಲು ಅಂದ, ಆದರೆ ಬಿಸಿ ಬಣ್ಣಕ್ಕೆ ಇಳಿಸಿದ ಕೂಡಲೇ ನೀರು ಕುಡಿದು ಉಬ್ಬುತ್ತದೆ. ಗೆರೆಗಳೆಲ್ಲ ಒಂದರೊಳಗೊಂದು ಸೇರಿಹೋಗುತ್ತವೆ. ಗೊತ್ತಿದ್ದೂ ಗೊತ್ತಿದ್ದೂ ಅಂಪಾದು ಅದನ್ನೇ ಎತ್ತಿಕೊಂಡ. ಎರಡು ದಿನ ಕೂತು ಕೊರೆದ. ಅಷ್ಟು ಚೆಂದದ ಅಚ್ಚು ಅವನು ಜನ್ಮದಲ್ಲಿ ಕೊರೆದಿರಲಿಲ್ಲ. ನನಗೆ ಸಿಗದ ಹೆಸರು ಅವನಿಗೂ ಬೇಡ, ಆಯಮ್ಮನ ಮುಂದೆಯೇ ಮುಖಕ್ಕೆ ಮಸಿ ಬಳಿದುಕೊಳ್ಳಲಿ ಎಂದು ಬಿದಿರಿನ ಹಿಡಿ ಕಟ್ಟಿ ಕೊಟ್ಟ. ನ್ಸಿಯಾ ಅದನ್ನು ಹಾಗೆಯೇ ಬಟ್ಟೆಯಲ್ಲಿ ಸುತ್ತಿಟ್ಟ.

ಶುಕ್ರವಾರ ಬೆಳಿಗ್ಗೆ ನಾ ಡೆಡೆ ಬಂದಳು. ನ್ಸಿಯಾ ಆಕೆಯನ್ನು ಚಪ್ಪರದಲ್ಲಿ ಕೂರಿಸಲಿಲ್ಲ. ಒತ್ತುವ ಮೇಜು, ಬಣ್ಣದ ತಟ್ಟೆ ಎಲ್ಲ ಹೊತ್ತುಕೊಂಡು ನೇರವಾಗಿ ಹಿತ್ತಲಿಗೇ ಬಂದ. ಹಿಂದೆ ಅಕ್ಕಪಕ್ಕದ ಹೆಂಗಸರ ದಂಡು.

"ಮೇಡಂ, ಅಂಪಾದು ಅಂತ ಬರ್ಕೊಂಡ್ರಲ್ಲ, ಇವನೇ."

ಆಕೆ ಪುಸ್ತಕ ತೆರೆದು ತೋರಿಸಿದಳು. ಒಲೆಕಲ್ಲಿನ ಚಿತ್ರ, ಕೆಳಗೆ 'ಅಂಪಾದು, ನ್ಟೊನ್ಸೊ'. "ಮಂಗಳವಾರ ಇವರು ಎದೆ ಮುಟ್ಟಿಕೊಂಡು ಹೇಳಿದ್ರು, ನಂದು ಬರೀ ಕೈ, ತಲೆ ಅವನದು ಅಂತ. ಇವತ್ತು ನೀವೇ ಒತ್ತಬೇಕು, ನಾನು ಫೋಟೋ ತೆಗೀತೀನಿ."

ಅಂಪಾದು ಒಂದು ಹೆಜ್ಜೆ ಹಿಂದೆ ಸರಿದ. "ನಾಳೆ... ನಾಳೆ ಒತ್ತಿದ್ರಾಗಲ್ವಾ ಮೇಡಂ? ಇನ್ನೊಂದು ಕೊರೆದು ಕೊಡ್ತೀನಿ."

"ಅಯ್ಯೋ, ಇವತ್ತೇ ಕಡೇ ದಿನ. ಮಧ್ಯಾಹ್ನ ನಾನು ಹೊರಡಬೇಕು."

"ನಾಚಿಕೆ ಅವನಿಗೆ" ಎಂದು ನಕ್ಕು ನ್ಸಿಯಾ ಅಚ್ಚನ್ನು ಅವನ ಕೈಗಿಟ್ಟ. ಅಂಪಾದು ಅದ್ದಿದ, ಒತ್ತಿದ. ಮತ್ತೆ ಅದ್ದಿದ, ಒತ್ತಿದ. ಬಿಳಿ ಬಟ್ಟೆಯ ಮೇಲೆ ಮೂರು ಕಲ್ಲೂ ಗಡಿಗೆಯೂ ಕಲಸಿಹೋಗಿ ಸಗಣಿ ಮೆತ್ತಿದಂತೆ ಕೂತವು. ಕ್ಯಾಮೆರಾ ಕೆಳಗಿಳಿಯಿತು. ಯಾರೋ ಕಿಸಕ್ಕೆಂದರು.

ನ್ಸಿಯಾ ಅಚ್ಚನ್ನು ತೆಗೆದುಕೊಂಡು ಬೆರಳಿಂದ ಅದುಮಿದ. ಅವನಿಗೆ ತಿಳಿಯಿತು. ಅಂಪಾದುವಿನ ಮುಖವನ್ನು ಒಂದು ಸಲ ನೋಡಿದ, ಅಷ್ಟೇ. ಆಮೇಲೆ ಆಕೆಯ ಕಡೆ ತಿರುಗಿ, "ಬಣ್ಣ ತೆಳ್ಳಗಾಗಿದೆ ಮೇಡಂ. ಕುದಿಸಿದ್ದು ನಾನು. ತಪ್ಪು ನಂದು, ಇವನದಲ್ಲ" ಅಂದ.

"ಪಾಪ, ಎಂಥಾ ಮನುಷ್ಯ" ಎಂದಳು ಹಿಂದೆ ನಿಂತ ಒಬ್ಬಳು. ನಾ ಡೆಡೆಯ ಕಣ್ಣೂ ತೇವವಾಯಿತು. ಅವಳು ಕ್ಯಾಮೆರಾ ಎತ್ತಿ ನ್ಸಿಯಾನದೊಂದು ಫೋಟೋ ತೆಗೆದಳು.

ಬಾಯಿ ಮುಚ್ಚಿಕೊಂಡಿದ್ದರೆ ಅಂಪಾದುವಿನ ಹೆಸರು ಪುಸ್ತಕದಲ್ಲಿ ಉಳಿಯುತ್ತಿತ್ತು. ಮುಚ್ಚಿಕೊಳ್ಳಲಿಕ್ಕೆ ಆಗಬೇಕಲ್ಲ! ಆ ಫೋಟೋ ಅವನಿಗೆ ತಡೆಯಲಾಗಲಿಲ್ಲ.

"ಬಣ್ಣ ಸರಿಯಾಗೇ ಇದೆ!" ಎಂದು ಕಿರುಚಿದ. "ಬುರುಡೆ ಎಳೇದು. ಬೇಕಂತಲೇ ಎಳೇದು ತಗೊಂಡಿದ್ದು ನಾನು. ಇವನ ಮುಖಕ್ಕೆ ಮಸಿ ಬೀಳ್ಲಿ ಅಂತ. ಎಲ್ಲಾ ನೀನೇ ತಗೊಂಡ್ಯಲ್ಲೋ ನ್ಸಿಯಾ, ಆ ತಪ್ಪನ್ನಾದ್ರೂ ನಂಗೆ ಬಿಡೋ!"

ಪೊಕುವಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾ ಡೆಡೆ ಪುಸ್ತಕದ ಆ ಹಾಳೆಗೆ ಅಡ್ಡಗೆರೆ ಎಳೆದು ಹೊರಟುಹೋದಳು. ಆಕೆಯ ಸಂಗ್ರಹದಲ್ಲಿ ನಮ್ಮೂರಿನವು ಒಂಬತ್ತು ಚಿತ್ರಗಳಿವೆ. ಒಲೆಕಲ್ಲು ಇಲ್ಲ.

ಎಲ್ಲರೂ ಹೋದ ಮೇಲೆ ನ್ಸಿಯಾ ಮೇಜನ್ನು ತಾನೇ ಎತ್ತಿಕೊಂಡ.

"ಬೈಯೋ" ಅಂದ ಅಂಪಾದು. "ಒಂದು ಸಲ ಬಾಯ್ತುಂಬ ಬೈದುಬಿಡು."

"ನಲವತ್ತೆರಡು ವರ್ಷ ನೀನು ಕೊಟ್ಟ ಅಚ್ಚನ್ನ ಒಂದಿನವೂ ತಿರುಗಿಸಿ ನೋಡಿಲ್ಲ ಕಣೋ" ಅಂದ ನ್ಸಿಯಾ. "ಕೊಟ್ಟಿದ್ದನ್ನ ಹಾಗೇ ಬಣ್ಣಕ್ಕೆ ಇಳಿಸ್ತಿದ್ದೆ."

ಮರುದಿನ ಯಾರದೋ ಶವಸಂಸ್ಕಾರದ ಬಟ್ಟೆಗೆಂದು ಅಂಪಾದು ಏಣಿಯ ಅಚ್ಚು ಕೊಟ್ಟ. ನ್ಸಿಯಾ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಎಲ್ಲ ಕಡೆ ಅದುಮಿ ನೋಡಿ ತೆಗೆದುಕೊಂಡ.