ಎರಡು ಅಡಿ ತೆರೆದ ಗೇಟು

ಕಳೆದ ವಾರ ಸುರಪುರದ ಕಾಲೇಜೊಂದರ ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ವಿಷಯ ಬರೆಯಲೆಂದು ಯಾರೋ ಮಾರ್ಕರಿನ ಮುಚ್ಚಳ ತೆಗೆದರು. ಆ ಕಟುವಾದ ಮಸಿಯ ವಾಸನೆಯೊಡನೆ, ಶಹಾಪುರದ ಸಣ್ಣ ಕಂಪ್ಯೂಟರ್ ಕೇಂದ್ರದಲ್ಲಿ ಬಿಳಿ ಹಲಗೆಯ ಮೇಲೆ ಬರೆದು ನನಗೆ ಸ್ವಿಫ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸಿದ ಸರ್ ನೆನಪಾದರು…

ಕಾಲುವೆಗೆ ನೀರು ಬಿಟ್ಟ ಸುದ್ದಿ ಕೊನೆಯ ಹೊಲದವರಿಗೂ ಅದೇ ಗಳಿಗೆಯಲ್ಲಿ ತಿಳಿಯಬೇಕು, ಸಮಾನತೆ ಅಲ್ಲಿಂದಲೇ ಆರಂಭವಾಗಬೇಕು ಎಂದು ನಾನು ವಾದಿಸುತ್ತಿದ್ದ ಕಾಲವದು. ಗೇಟು ನೋಡಿಕೊಳ್ಳುವ ಲಸ್ಕರ್ ಮೊಬೈಲಿನಲ್ಲಿ ಅದರ ಸ್ಥಿತಿ ದಾಖಲಿಸಿದೊಡನೆ ಸಗರ ಗ್ರಾಮದ ರೈತರಿಗೆ ಸಂದೇಶ ಹೋಗುವಂಥ ಪ್ರೋಗ್ರಾಂ ಬರೆದಿದ್ದೆ. ಗೇಟಿನ ಸ್ಥಿತಿಗಳನ್ನು ಪಟ್ಟಿ ಮಾಡುವ ಅದರ 'ಎನಮ್'ನಲ್ಲಿ ಎರಡೇ ಸ್ಥಿತಿಗಳು: ಮುಚ್ಚಿದೆ, ತೆರೆದಿದೆ. ತೆರೆದಿದ್ದರೆ ಎಷ್ಟು ಅಡಿ ಎಂಬ ಅಂಕಿಯೂ ಅದಕ್ಕೆ ಅಂಟಿಕೊಂಡಿರುತ್ತಿತ್ತು.

ನೀರಿನ ಒಂದು ಪಾಳಿಗೆ ಸಂದೇಶವೇ ಹೋಗಲಿಲ್ಲ. ನೀರು ಹರಿದು ಹೋಯಿತು. ಕೊನೆಯ ಮೆಣಸಿನಕಾಯಿ ಹೊಲಗಳು ಒಣಗಿಯೇ ಉಳಿದವು. ಲಸ್ಕರ್ ಬೇಕೆಂದೇ ದಾಖಲಿಸಲಿಲ್ಲವೆಂದು ತೀರ್ಮಾನಿಸಿ, ನೀರಾವರಿ ಕಚೇರಿಗೆ ನಾಲ್ಕು ಪುಟಗಳ ದೂರು ಬರೆದು ಕೊಟ್ಟೆ. ಅವರಿಗೆ ನೋಟಿಸು ಬಂತು. ದಿನಗೂಲಿಯ ಕೆಲಸ; ಹೋಗುವುದರಲ್ಲಿತ್ತು.

ದೂರಿನ ಪ್ರತಿಯನ್ನು ಸರ್‌ಗೆ ತೋರಿಸಲು ಹೋದೆ; ಅವರು ಅದನ್ನು ಓದಲಿಲ್ಲ, ಪ್ರೋಗ್ರಾಂ ತೆರೆಸಿದರು. ಲಸ್ಕರ್ ಅಂದು ದಾಖಲಿಸಿಯೇ ಇದ್ದರು: ತೆರೆದಿದೆ, ಎರಡು ಅಡಿ. ಗೇಟನ್ನು ಯಾವಾಗಲೂ ಮೂರು ಅಡಿಯೇ ಎತ್ತುತ್ತಾರೆಂದು ನಂಬಿದ್ದ ನಾನು ಪ್ರೋಗ್ರಾಂನಲ್ಲಿ ಪ್ರತಿ ದಾಖಲೆಯನ್ನೂ 'ತೆರೆದಿದೆ, ಮೂರು ಅಡಿ'ಯೊಂದಿಗೆ ಹೋಲಿಸಿದ್ದೆ. ಅಂಕಿ ಬೇರೆಯಾದ್ದರಿಂದ ಎರಡೂ ಒಂದೇ ಅಲ್ಲವೆಂದು ಯಂತ್ರ ತಳ್ಳಿಹಾಕಿತ್ತು.

"ತಮ್ಮಾ, ಗೇಟು ತೆಗದದೋ ಇಲ್ಲೋ, ಅಷ್ಟ ಕೇಳಬೇಕಿತ್ತು. ಎಷ್ಟು ತೆಗದದ ಅನ್ನೂದು ನಿನಗ್ಯಾಕ ಬೇಕಿತ್ತು? ನಾಕು ಪುಟ ದೂರು ಬರದಿ, ನಿಂದ ಒಂದು ಸಾಲು ಓದಾಕ ಆಗಲಿಲ್ಲೇನು?"

ಅಂಕಿಯನ್ನು ಬದಿಗಿಟ್ಟು ಸ್ಥಿತಿಯನ್ನಷ್ಟೇ ಹೋಲಿಸುವ 'ಇಫ್ ಕೇಸ್' ಸಾಲನ್ನು ಅವರೇ ಬರೆದುಕೊಟ್ಟರು. ಮರುದಿನ ಕಚೇರಿಗೂ ಜೊತೆಗೆ ಬಂದರು. ದೂರು ಹಿಂಪಡೆಯುವ ಪತ್ರದಲ್ಲಿ ನಾನು 'ತಾಂತ್ರಿಕ ದೋಷ' ಎಂದು ಬರೆದೆ. 'ನನ್ನ ತಪ್ಪು' ಎಂದು ಬರೆಯಲಿಲ್ಲ. ನೋಟಿಸು ರದ್ದಾಯಿತು. ಹಿಂದಿರುಗುವಾಗ ಸರ್ ನಡುದಾರಿಯಲ್ಲೇ ಆಟೋ ಇಳಿದುಬಿಟ್ಟರು… ಏನೋ ಕೆಲಸವಿರಬೇಕೆಂದುಕೊಂಡೆ.

ಅವರು ತೀರಿಕೊಂಡು ಎರಡು ವರ್ಷವಾಯಿತು.

ಸ್ಪರ್ಧೆ ಮುಗಿದೊಡನೆ ಲಸ್ಕರರ ಮನೆ ಹುಡುಕಿಕೊಂಡು ಹೋದೆ. ಅಂದಿನ ತಪ್ಪು ನನ್ನದೆಂದು ಕೊನೆಗೂ ಹೇಳಿದೆ. ಅವರು ನಕ್ಕರು.

"ಈಗ ಬಂದ್ರೇನ್ರಿ? ನೋಟಿಸು ರದ್ದಾದ ದಿನ ಸಂಜೀಗೇ ನಿಮ್ಮ ಸರ್ ಬಂದಿದ್ರು. 'ತಪ್ಪು ನಂದರಿ, ಹುಡುಗಗ ನಾನೇ ಸರಿ ಕಲಿಸಿಲ್ಲ' ಅಂದ್ರು. ಚಾ ಸುದ್ದಾ ಕುಡೀಲಿಲ್ಲ."

ಇಲ್ಲ, ಆ 'ಇಫ್ ಕೇಸ್' ಸಾಲನ್ನು ಅವರು ಮೊದಲೇ ಕಲಿಸಿದ್ದರು. ನಾನು ತರಗತಿಯಲ್ಲಿ ಗಮನ ಕೊಡದಿದ್ದುದನ್ನು ಕಂಡು ಎರಡನೆಯ ಸಲವೂ ಕಲಿಸಿದ್ದರು. ಹಾಗೆಂದು ಲಸ್ಕರರಿಗೆ ಹೇಳಿದೆ. ಆ ಮಾತನ್ನು ಕೇಳಬೇಕಾಗಿದ್ದವರು ಮಾತ್ರ ಇಲ್ಲ.