ಗಡಿಯಾರದ ಕೋಡು ಒಂದಾದದ್ದು

ಮೊದಲು 'ಹೊರಗೆ ಮಳೆ' ಎಂದು ಬರೆದು ಹೊಡೆದುಹಾಕಿದೆ. ಮಳೆ ನನಗೆ ನೆನಪಿಲ್ಲ. ನೆನಪಿರುವುದು ಗಡಿಭಾಗದ ನಿಲಂಗಾ ಊರಿನ ನಮ್ಮ ಧಾನ್ಯದ ಅಂಗಡಿಯ ಮೇಲಿನ ಕೋಣೆ, ತೊಗರಿಯ ಧೂಳು ಹೋಗದಂತೆ ಹಳೆ ಸೀರೆ ಹೊದಿಸಿದ ಕಂಪ್ಯೂಟರ್, ಅದರ ಮುಂದೆ ನನ್ನ ವೈನಿ. ಅಣ್ಣನ ಹೆಂಡತಿ, ಬೀದರ್ ಕಡೆಯವರು.

ಕರ್ನಲ್ ಎಂದರೆ ಯಂತ್ರಕ್ಕೂ ಉಳಿದೆಲ್ಲ ಸಾಫ್ಟ್‌ವೇರಿಗೂ ನಡುವೆ ನಿಲ್ಲುವ ಮೂಲ ಪ್ರೋಗ್ರಾಮ್. ಹಲವು ದೇಶದವರು ಕೂಡಿ ಬರೆಯುತ್ತಿದ್ದ ಅಂಥದೊಂದು ಕರ್ನಲ್‌ನಲ್ಲಿ ಒಂದೊಂದು ಬಗೆಯ ಪ್ರೊಸೆಸರ್‌ಗೂ ಒಂದೊಂದು ಫೋಲ್ಡರ್. ಬಳಕೆ ತಪ್ಪುತ್ತಿದ್ದ ಒಂದು ಪ್ರೊಸೆಸರ್‌ನ ಫೋಲ್ಡರನ್ನು ವೈನಿ ನೋಡಿಕೊಳ್ಳುತ್ತಿದ್ದರು, ಸಂಬಳವಿಲ್ಲದೆ. ಅದೇ ಪ್ರೊಸೆಸರ್ ಇದ್ದ ಹಳೆಯ ಕಂಪ್ಯೂಟರ್ ಬೋರ್ಡುಗಳನ್ನು ಉದಗೀರಿನ ಗುಜರಿ ಅಂಗಡಿಯಿಂದ ತಂದು ಉಮರ್ಗಾದಲ್ಲಿ ನಾನೊಂದು ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ.

ಒಂದು ದಿನ ಕರ್ನಲ್‌ನ ಮುಖ್ಯಸ್ಥರು ಬರೆದರು: ಸಮಯ ಎಣಿಸುವ ನಿಮ್ಮ ಗಡಿಯಾರದ ಕೋಡು ಇನ್ನೊಂದು ಫೋಲ್ಡರ್‌ನ ನಕಲು. ಅಲ್ಲಿ ತಿದ್ದಿದ್ದು ಇಲ್ಲಿಗೆ ಬರುವುದಿಲ್ಲ. ಎರಡನ್ನೂ ಒಂದು ಮಾಡಿ. ಇಲ್ಲವಾದರೆ ಮುಂದಿನ ಆವೃತ್ತಿಯಲ್ಲಿ ಈ ಪ್ರೊಸೆಸರ್ ಇರುವುದಿಲ್ಲ.

ವರ್ಷಗಟ್ಟಲೆ ತಿದ್ದಿ ತೀಡಿದ ಫೈಲು ಅದು. ನೆತ್ತಿಯ ಮೇಲೆ ವೈನಿಯ ಹೆಸರಿತ್ತು. ನೊಂದುಕೊಳ್ಳುತ್ತಾರೆ ಎಂದುಕೊಂಡೆ. "ಖರೇನೇ ಹೇಳ್ಯಾರ," ಎಂದರು ಅಷ್ಟೇ.

ಎರಡೂ ಫೈಲುಗಳನ್ನು ಪಕ್ಕಪಕ್ಕ ಇಟ್ಟು ಸಾಲು ಸಾಲು ಹೋಲಿಸಿದರು. ನಮ್ಮದರಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು: ಗಡಿಯಾರಕ್ಕೆ ಬರೆದದ್ದನ್ನು ಮತ್ತೆ ಓದುವುದು.

"ಬರದದ್ದು ಮತ್ತ ಓದಿ ಒಗಿಯೋದು! ಯಾಕ ಬೇಕಿದು?" ಎನ್ನುತ್ತ ಅದನ್ನು ತೆಗೆದು, ಎರಡಕ್ಕೂ ಸೇರಿದ ಒಂದೇ ಸಮಾನ ಫೈಲು ಮಾಡಿದರು.

ಹೊಸ ಕರ್ನಲ್ ಒಯ್ದು ಉಮರ್ಗಾದಲ್ಲಿ ಬೋರ್ಡಿಗೆ ಹಾಕಿ, ಫೋನ್ ಮಾಡಿದೆ.

"ವೈನಿ, ಬೋರ್ಡ್ ಎದ್ದದರಿ, ಆದ್ರ ಏನೂ ಕೆಲಸ ಮಾಡವಲ್ದು. ಗಡಿಯಾರ ಒಂದೇ ಸಮ ಕರೀಲಿಕತ್ತದ."

"ನಿಮ್ಮವ್ವ ಆಗ್ಯಾದ ಅನ್ನು."

"ಕೇಳಸ್ತದ ನನಗ!" ಫೋನಿನಲ್ಲಿ ವೈನಿಯ ಹಿಂದಿನಿಂದ ಅವ್ವನ ದನಿ.

ಕಾರಣ ಸಿಕ್ಕಿತು. ಬೋರ್ಡಿನ ಗಡಿಯಾರ ಹೊತ್ತುಹೊತ್ತಿಗೆ ಪ್ರೊಸೆಸರನ್ನು ಕರೆಯುತ್ತದೆ; ಕರೆದಾಗ ಪ್ರೊಸೆಸರ್ 'ಕೇಳಿಸಿತು' ಎಂದು ಅದಕ್ಕೆ ಬರೆಯುತ್ತದೆ. ನಮ್ಮ ಬೋರ್ಡಿನಲ್ಲಿ ಆ ಬರಹ ದಾರಿಯಲ್ಲೇ ತಡೆದು ನಿಲ್ಲುತ್ತಿತ್ತು. ಬರೆದದ್ದನ್ನು ಮತ್ತೆ ಓದಿದರೆ ಮಾತ್ರ ಮುಟ್ಟುತ್ತಿತ್ತು; ವೈನಿ ತೆಗೆದ ಸಾಲು ಮಾಡುತ್ತಿದ್ದದ್ದು ಅದನ್ನೇ. ಮುಟ್ಟದಿದ್ದರೆ ಗಡಿಯಾರ ಕರೆಯುತ್ತಲೇ ಇರುತ್ತಿತ್ತು. ಇನ್ನೊಂದು ಪ್ರೊಸೆಸರ್‌ಗೆ ಈ ತೊಂದರೆ ಇರಲಿಲ್ಲ.

ಸಮಾನ ಫೈಲಿನಲ್ಲೇ 'ನಮ್ಮ ಪ್ರೊಸೆಸರ್ ಆಗಿದ್ದರೆ ಹೀಗೆ ಮಾಡು' ಎಂದು ಸೇರಿಸಿಬಿಡಿ ಎಂದೆ.

"ಇವತ್ತ ನಮ್ದು, ನಾಳಿ ಇನ್ನೊಬ್ಬರದು. ಮರದ ಕೆಳಗಿನ ಕಟ್ಟಿ ಊರಿಗೆಲ್ಲಾ ಸೇರಿದ್ದು ಅಂತ ಎಲ್ಲಾರೂ ತಮ್ಮ ತಮ್ಮ ಖಾಟ ಹಾಸಿಗಿ ತಂದು ಹಾಕ್ತಾರೇನೋ?"

ಅವರು ಮಾಡಿದ್ದು ಬೇರೆ. ಸಮಾನ ಕೋಡು ಆ ಜಾಗದಲ್ಲಿ ಒಂದು ಫಂಕ್ಷನ್ನನ್ನು, ಅಂದರೆ ಹೆಸರಿಟ್ಟ ಒಂದು ತುಂಡು ಕೋಡನ್ನು, ಕರೆಯುತ್ತದೆ, ಅಷ್ಟೇ. ನಮ್ಮ ಫೋಲ್ಡರ್‌ನಲ್ಲಿ ಅದರೊಳಗೆ ಮತ್ತೆ ಓದುವ ಆ ಒಂದೇ ಸಾಲು. ಇನ್ನೊಂದರಲ್ಲಿ ಅದು ಖಾಲಿ. ಯಾರಿಗಾಗಿ ಯಾಕೆ ಕರೆಯುತ್ತಿದ್ದೇನೆಂದು ಸಮಾನ ಕೋಡಿಗೆ ಗೊತ್ತಾಗಬೇಕಿಲ್ಲ. ಅಷ್ಟು ಅಂದವಾದ ಖಾಲಿ ಜಾಗವನ್ನು ನಾನು ಆಮೇಲೆ ಕಂಡಿಲ್ಲ.

ನಮ್ಮ ಸೀಮೆಯಲ್ಲಿ ಆದ ಭೂಕಂಪದ ನಂತರ ಒಂದೇ ನಕ್ಷೆಯಲ್ಲಿ ಸಾಲಾಗಿ ಕಟ್ಟಿದ ಮನೆಗಳು ಆಗ ನೆನಪಾದವು ಎಂದು ಬರೆದರೆ ಚೆನ್ನಾಗಿರುತ್ತದೆ. ಆಗ ನೆನಪಾಗಲಿಲ್ಲ, ಈಗ ಆದವು. ಹೋಲಿಕೆಯೂ ಪೂರ್ತಿ ಕೂಡುವುದಿಲ್ಲ. ಅಲ್ಲಿ ಜನ ತಮಗೆ ಬೇಕಾದ ಕಡೆ ಗೋಡೆ ಒಡೆದು ಬಾಗಿಲು ಮಾಡಿಕೊಂಡರು. ವೈನಿ ಬಾಗಿಲಿಗೆ ಮೊದಲೇ ಜಾಗ ಬಿಟ್ಟಿದ್ದರು.

ಬೋರ್ಡು ನೆಟ್ಟಗೆ ನಡೆಯಿತು. ತಮ್ಮ ಹಳೆಯ ಫೈಲನ್ನು, ನೆತ್ತಿಯ ಮೇಲಿನ ಹೆಸರಿನ ಸಮೇತ, ಅವರೇ ತೆಗೆದುಹಾಕಿದರು. ಚಹಾ ತಂದ ಅವ್ವ ಕೇಳಿದಳು: "ಇಷ್ಟು ದಿನ ಏನ್ ಬರದಿ?"

"ಬರದದ್ದು ಕಮ್ಮಿ ಅತ್ತಿ, ಅಳಿಸಿದ್ದೇ ಭಾಳ."

"ಅಳಸಾಕ ಇಷ್ಟು ಕರೆಂಟ್ ಸುಟ್ಟಿ?"

ವೈನಿ ಕಳಿಸಿದ ಬದಲಾವಣೆಯನ್ನು ಮುಖ್ಯಸ್ಥರು ಸ್ವೀಕರಿಸಿದರು. ಪ್ರೊಸೆಸರ್ ಕರ್ನಲ್‌ನಲ್ಲಿ ಉಳಿಯಿತು.

ನನ್ನ ಬೋರ್ಡುಗಳಿಗೆ ಮೊದಲಿನಿಂದಲೂ ಒಂದು ಚಾಳಿ: ಸುಮ್ಮನೆ ಬಿಟ್ಟರೆ ಸಮಯ ಹಿಂದೆ ಬೀಳುತ್ತಿತ್ತು. ಕೆಲವು ತಿಂಗಳ ಮೇಲೆ ಹೊಸ ಆವೃತ್ತಿ ಹಾಕಿದಾಗ ಅದು ಹೋಗಿತ್ತು. ನಾವು ಯಾರೂ ಮುಟ್ಟಿರಲಿಲ್ಲ. ಎಲ್ಲಿಯವರೋ ಒಬ್ಬರು ತಮ್ಮ ಪ್ರೊಸೆಸರ್‌ಗೆಂದು ಸಮಾನ ಫೈಲನ್ನು ತಿದ್ದಿದ್ದರು. ವೈನಿಗೆ ಫೋನ್ ಮಾಡಿ ಹೇಳಿದೆ. ಆ ತಿದ್ದುಪಡಿಯನ್ನು ತೆರೆದು ಓದಿದರು.

"ಛಲೋ ಬರದಾರ," ಎಂದರು. "ನಿನ್ನ ಬೋರ್ಡಿನ ಮ್ಯಾಲೂ ನಡೀತದ ಅಂತ ಅವರಿಗೆ ಬರಿ. ಅವರಿಗೇನ್ ಗೊತ್ತು ನೀ ಉಮರ್ಗಾದಾಗ ಇದ್ದೀ ಅಂತ."

ಬರೆದೆ.